ಚಿಕ್ಕ ಮಲಗುವ ಕೋಣೆಗೊಂದು ಚಿತ್ತಾರದ ಗೋಡೆ

10 ಅಡಿ ಉದ್ದ, 10 ಅಡಿ ಅಗಲದ ಕೋಣೆಯಲ್ಲಿ ಬಾಗಿಲಿಗೊಂದು, ಕಿಟಕಿಗೊಂದು, ಬೀರುವಿಗೊಂದು ಗೋಡೆ ಹೋದರೆ ಉಳಿಯುವುದು ಮಂಚದ ತಲೆಯ ಕಡೆಯದು. ಅಲಂಕಾರಕ್ಕೆ ಅದೊಂದೇ ಸಾಕು. ನಾಲ್ಕೂ ಗೋಡೆಗೆ ಚಿತ್ತಾರ ತುಂಬಿದರೆ ಕೋಣೆ ಇನ್ನಷ್ಟು ಇಕ್ಕಟ್ಟೆನಿಸುತ್ತದೆ.

ಮೊದಲು ಗೋಡೆಯನ್ನು ಅಂಗೈಯಿಂದ ಉಜ್ಜಿ ನೋಡಿ. ಬಿಳಿ ಪುಡಿ ಹತ್ತಿದರೆ ಅಲ್ಲಿರುವುದು ಹಳೆಯ ಸುಣ್ಣ ಇಲ್ಲವೇ ಡಿಸ್ಟೆಂಪರ್. ಅದರ ಮೇಲೆಯೇ ಎಮಲ್ಷನ್ ಹಚ್ಚಿದರೆ ಹಪ್ಪಳೆಯೆದ್ದು ಬೀಳುತ್ತದೆ. ಚೆನ್ನಾಗಿ ಕೆರೆದು, ತಗ್ಗಿಗೆ ಪುಟ್ಟಿ ತುಂಬಿ, ಎಮರಿ ಪೇಪರ್‌ನಿಂದ ನಯ ಮಾಡಿ, ಪ್ರೈಮರ್ ಕೊಡಿ. ತಲೆಯೆಣ್ಣೆಯ ಕಲೆಯನ್ನು ಸೋಪಿನ ನೀರಿನಿಂದ ತೊಳೆಯಿರಿ. ತೇವ ಹಿಡಿದ ಗೋಡೆಗೆ ಬಣ್ಣವೇ ಬೇಡ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಸರಿಪಡಿಸಿ, ಒಣಗುವ ತನಕ ಕಾಯಿರಿ. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ. ಅದಕ್ಕೂ ಹಿಂದಿನ ಎನಾಮೆಲ್ ಬಣ್ಣವಿದ್ದರೆ ಒಣಗಿದಂತೆಯೇ ಉಜ್ಜಬೇಡಿ. ನೀರು ಚಿಮುಕಿಸಿಕೊಂಡು, ಮಾಸ್ಕ್ ತೊಟ್ಟು ಉಜ್ಜಿ. ಮಕ್ಕಳನ್ನು, ಗರ್ಭಿಣಿಯರನ್ನು ದೂರವಿಡಿ.

ಇಷ್ಟು ದೊಡ್ಡ ಗೋಡೆಗೆ ಎರಡು ಕೋಟ್‌ಗೆ ಸುಮಾರು ಒಂದು ಲೀಟರ್ ತೊಳೆಯಬಹುದಾದ ಎಮಲ್ಷನ್ ಸಾಕು. ಕೋಟುಗಳ ನಡುವೆ ನಾಲ್ಕು ತಾಸು ಬಿಡಿ. ಸ್ಟೆನ್ಸಿಲ್, ಅಂದರೆ ಆಕಾರ ಕೊರೆದ ಹಾಳೆಯನ್ನು ಟೇಪ್‌ನಿಂದ ಅಂಟಿಸಿ ಚಿತ್ತಾರ ಮೂಡಿಸುವ ಕೆಲಸ ಮರುದಿನಕ್ಕಿರಲಿ. ಹಸಿ ಬಣ್ಣದ ಮೇಲೆ ಟೇಪ್ ಅಂಟಿಸಿದರೆ ಕೀಳುವಾಗ ಬಣ್ಣವೂ ಬರುತ್ತದೆ.

ವಿನ್ಯಾಸಕ್ಕೆ ನಮ್ಮಲ್ಲೇ ಚೆಂದದ ಮಾದರಿಯಿದೆ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಬಿಳಿಯಿಂದ ಬರೆಯುವ ಹಸೆ ಚಿತ್ತಾರವನ್ನು ಗಮನಿಸಿ. ಅದರ ನವಿರು ಗೆರೆ ಕೈಗೆ ಮಾತ್ರ ಒಲಿಯುವಂಥದ್ದು, ಸ್ಟೆನ್ಸಿಲ್‌ಗೆ ದಕ್ಕದು. ಆದರೆ ತ್ರಿಕೋನ, ಚೌಕಗಳ ಸಾಲನ್ನು ಧಾರಾಳವಾಗಿ ತೆಗೆದುಕೊಳ್ಳಬಹುದು. ಚಿಕ್ಕ ಕೋಣೆಗೆ ಬಣ್ಣ ತಿರುವುಮುರುವಾಗಲಿ: ಕೆನೆಬಿಳಿ ಗೋಡೆ, ಕೆಮ್ಮಣ್ಣಿನ ಚಿತ್ತಾರ. ದಪ್ಪನೆಯ ಓಎಚ್‌ಪಿ ಹಾಳೆಯಲ್ಲಿ ಬರೆದು ಕಟ್ಟರ್‌ನಿಂದ ಕೊರೆಯಿರಿ. ಆಕಾರಗಳ ನಡುವೆ ಅರ್ಧ ಸೆಂಟಿಮೀಟರ್ ಆದರೂ ಹಾಳೆ ಉಳಿಯಲಿ, ಇಲ್ಲದಿದ್ದರೆ ಹರಿಯುತ್ತದೆ.

ಚಿತ್ತಾರವನ್ನು ನೆಲದಿಂದ ನಾಲ್ಕಡಿ ಎತ್ತರದಲ್ಲಿ ಶುರು ಮಾಡಿ. ಕೆಳಗಿನ ಭಾಗ ಮಂಚಕ್ಕೆ ಮರೆಯಾಗುತ್ತದೆ, ಒರಗಿದ ತಲೆಗೆ ಸವೆಯುತ್ತದೆ. ತಾರಸಿಯನ್ನು ನಂಬಿ ಗೆರೆ ಹಾಕಬೇಡಿ. ಎಷ್ಟೋ ಮನೆಗಳಲ್ಲಿ ಅದೇ ಓರೆಯಾಗಿರುತ್ತದೆ. ರಸಮಟ್ಟ ಹಿಡಿದು ತೆಳುವಾಗಿ ಪೆನ್ಸಿಲ್ ಗೆರೆ ಎಳೆಯಿರಿ. ನಡುವಿನಿಂದ ಎರಡೂ ಕಡೆಗೆ ಸಾಗಿದರೆ ಮೂಲೆಗಳಲ್ಲಿ ಉಳಿಯುವ ತುಂಡುಗಳು ಸಮನಾಗಿರುತ್ತವೆ.

ಇನ್ನು ಬಣ್ಣ ಹಚ್ಚುವ ಬಗೆ. ಇಡೀ ಕೆಲಸ ಕೆಡುವುದೂ ಕೂಡಿಬರುವುದೂ ಇಲ್ಲಿಯೇ. ಸ್ಟೆನ್ಸಿಲ್ ಬಣ್ಣಕ್ಕೆ ನೀರು ಬೆರೆಸಬೇಡಿ. ಸ್ಪಂಜನ್ನು ಬಣ್ಣಕ್ಕೆ ಒತ್ತಿ, ಹಳೆಯ ಪೇಪರಿನ ಮೇಲೆ ನಾಲ್ಕೈದು ಸಲ ತಟ್ಟಿ, ಬಹುಪಾಲು ಬಣ್ಣ ಅಲ್ಲೇ ಬಿಡಿ. ಆಮೇಲೆ ಗೋಡೆಗೆ ಮೆಲ್ಲಗೆ ತಟ್ಟುತ್ತ ಹೋಗಿ. ಎಳೆದು ಸವರಿದರೆ ಬಣ್ಣ ಅಂಚಿನಡಿ ನುಗ್ಗಿ ಆಕಾರ ಕದಡುತ್ತದೆ. ಮೊದಲ ಸಲ ಬಣ್ಣ ಪೇಲವವಾಗಿ ಕಂಡರೆ ಗಾಬರಿ ಬೇಡ. ಕೆಲವು ನಿಮಿಷ ಆರಿಸಿ ಮತ್ತೊಮ್ಮೆ ತಟ್ಟಿ. ಹಾಳೆಯನ್ನು ಜಾರಿಸದೆ ನೇರ ಎತ್ತಿ, ಹಿಂಬದಿ ಒರೆಸಿಯೇ ಮುಂದಿನ ಜಾಗಕ್ಕೆ ಅಂಟಿಸಿ. ಬಣ್ಣ ಸೋರಿದ್ದರೆ ಒಣಗಿದ ಮೇಲೆ ಸಣ್ಣ ಬ್ರಷ್‌ನಿಂದ ಗೋಡೆಯ ಬಣ್ಣ ತೀಡಿ.

ಮುಗಿದ ಕೂಡಲೇ ಹಾಳೆ ತೊಳೆದು ಚಪ್ಪಟೆಯಾಗಿ ಇಡಿ. ಆ ರಾತ್ರಿ ಕಿಟಕಿ ತೆರೆದಿಟ್ಟು ಹಜಾರದಲ್ಲಿ ಮಲಗಿ. ಉಳಿದ ಎರಡೂ ಬಣ್ಣಗಳನ್ನು ಬಿಗಿ ಮುಚ್ಚಳದ ಸೀಸೆಗಳಲ್ಲಿ ತುಂಬಿ, ಬಣ್ಣದ ನಂಬರ್ ಬರೆದು ತೆಗೆದಿಡಿ. ಮಂಚ ಸರಿಸುವಾಗ ಗೋಡೆ ಗೀರಿದರೆ ಬೇಕಾಗುತ್ತದೆ.