ಹಲ್ಲೂ ಗೊತ್ತು, ದಂತವೂ ಗೊತ್ತು

ಬೆಳಿಗ್ಗೆ ಮಗುವಿಗೆ ‘ಹಲ್ಲುಜ್ಜು’ ಅನ್ನುತ್ತೇವೆ, ‘ದಂತ ಉಜ್ಜು’ ಅನ್ನುವವರಿಲ್ಲ. ಅದೇ ಹಲ್ಲು ನೋವು ಬಂದು ಡಾಕ್ಟರ ಬಳಿಗೆ ಹೋದರೆ ಬೋರ್ಡಿನ ಮೇಲೆ ‘ದಂತ ಚಿಕಿತ್ಸಾಲಯ’ ಎಂದಿರುತ್ತದೆ. ಮಗು ತಡವರಿಸದೆ ಓದುತ್ತದೆ. ನೀರು ಗೊತ್ತು, ಜಲಾಶಯವೂ ಗೊತ್ತು. ಕೈ ಗೊತ್ತು, ಹಸ್ತಾಕ್ಷರವೂ ಗೊತ್ತು. ಆಡುಮಾತಿಗೊಂದು, ಓದುಬರಹಕ್ಕೊಂದು ಪದ ಇರುವುದು ಕನ್ನಡದ ಮಕ್ಕಳಿಗೆ ಹೊಸದೇನಲ್ಲ.

ಇಂಗ್ಲಿಷಿನ ಸಂಸಾರವೂ ಹೀಗೆಯೇ. ಟೂತ್, ವಾಟರ್, ಹ್ಯಾಂಡ್ ಅದರ ಮನೆಮಾತು. ಡೆಂಟಲ್, ಅಕ್ವಾಟಿಕ್, ಮ್ಯಾನ್ಯುಯಲ್ ಲ್ಯಾಟಿನ್ ಮೂಲದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇಂಥ ಪದಗಳು ಫ್ರೆಂಚಿನ ಮೂಲಕ ಬಂದವು. ಆಮೇಲೆ ವಿದ್ವಾಂಸರು ನೇರವಾಗಿ ಲ್ಯಾಟಿನ್‌ನಿಂದಲೇ ಇನ್ನಷ್ಟು ತಂದುಕೊಂಡರು. ಐದು, ಆರನೇ ತರಗತಿಯ ವಿಜ್ಞಾನ, ಸಮಾಜ ಪುಸ್ತಕಗಳಲ್ಲಿ ಈ ಎರಡನೆಯ ಬಗೆಯ ಪದಗಳು ಒಮ್ಮೆಗೇ ಹೆಚ್ಚುತ್ತವೆ. ಅಲ್ಲಿಯವರೆಗೆ ಚೆನ್ನಾಗಿ ಓದುತ್ತಿದ್ದ ಮಗು ಎಡವುವುದು ಅಲ್ಲೇ. ‘ಇಂಗ್ಲಿಷಿನಲ್ಲಿ ವೀಕ್ ಆಗಿಬಿಟ್ಟಳು’ ಎಂದು ಗಾಬರಿಯಾಗಬೇಡಿ. ಅವಳು ಇಂಗ್ಲಿಷಿನ ‘ದಂತ’ದ ಪದರಕ್ಕೆ ಬಂದು ನಿಂತಿದ್ದಾಳೆ, ಅಷ್ಟೇ.

ಇಲ್ಲಿ ಬಾಯಿಪಾಠಕ್ಕಿಂತ ಧಾತು ನೆರವಾಗುತ್ತದೆ. ಲ್ಯಾಟಿನ್ ಕಲಿಯಬೇಕಿಲ್ಲ, ವಾರಕ್ಕೆ ಒಂದು ಧಾತು ಸಾಕು. ‘ಪೋರ್ಟ್’ ತೆಗೆದುಕೊಳ್ಳಿ. ಹೊರು, ಸಾಗಿಸು ಎಂದರ್ಥ. ರೈಲ್ವೆ ನಿಲ್ದಾಣದಲ್ಲಿ ಕೆಂಪು ಅಂಗಿ ತೊಟ್ಟು ಸೂಟ್‌ಕೇಸ್ ಹೊರುವ ಪೋರ್ಟರ್‌ನಿಂದಲೇ ಶುರು ಮಾಡಿ. ಸುಲಭವಾಗಿ ಹೊತ್ತೊಯ್ಯಬಹುದಾದದ್ದು ಪೋರ್ಟಬಲ್. ‘ಟ್ರಾನ್ಸ್’ ಎಂದರೆ ಆಚೆಗೆ; ಇಲ್ಲಿಂದ ಅಲ್ಲಿಗೆ ಸಾಗಿಸುವುದು ಟ್ರಾನ್ಸ್‌ಪೋರ್ಟ್. ಕೆಎಸ್‌ಆರ್‌ಟಿಸಿ ಬಸ್ಸಿನ ‘ಟಿ’ ಯಾವುದೆಂದು ಕೇಳಿ ನೋಡಿ. ನಡೆದದ್ದನ್ನು ಹೊತ್ತು ತಂದು ಹೇಳುವವನು ರಿಪೋರ್ಟರ್. ಎಕ್ಸ್‌ಪೋರ್ಟ್ ಏನಿರಬಹುದೆಂದು ಮಗುವೇ ಊಹಿಸಲಿ, ಆಮೇಲೆ ನಿಘಂಟು ತೆರೆಯಲಿ. ಈ ಕ್ರಮ ತಪ್ಪಬಾರದು. ಮೊದಲೇ ಅರ್ಥ ಹೇಳಿಕೊಟ್ಟರೆ ಅದೂ ಮತ್ತೊಂದು ಬಾಯಿಪಾಠವಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪದ ಮ್ಯಾನುಸ್ಕ್ರಿಪ್ಟ್. ‘ಮಾನುಸ್’ ಎಂದರೆ ಕೈ, ‘ಸ್ಕ್ರಿಪ್ಟ್’ ಎಂದರೆ ಬರೆದದ್ದು. ಕನ್ನಡದಲ್ಲಿ ಹಸ್ತಪ್ರತಿ. ಎರಡನ್ನೂ ಒಂದರ ಕೆಳಗೊಂದು ಬರೆದು ತೋರಿಸಿದರೆ ಮಕ್ಕಳ ಮುಖ ಅರಳುತ್ತದೆ. ‘ನೋಡು’ ಎಂಬ ಧಾತುವಿನಿಂದ ಸ್ಪೆಕ್ಟೇಟರ್ ಹುಟ್ಟಿದಂತೆ ನಮ್ಮ ‘ಪ್ರೇಕ್ಷಕ’ನೂ ನೋಡುವುದರಿಂದಲೇ ಹುಟ್ಟಿದವನು. ಕೆಲವು ಕಡೆಯಂತೂ ರಕ್ತಸಂಬಂಧವೇ ಇದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕೆಂದು ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದ್ದ. ನಾವು ಸಂಸ್ಕೃತದಿಂದ ಪಡೆದ ದಂತಕ್ಕೂ ಡೆಂಟಲ್‌ಗೂ, ಪಾದಕ್ಕೂ ಪೆಡಲ್‌ಗೂ ಇರುವ ಹೋಲಿಕೆ ಆಕಸ್ಮಿಕವಲ್ಲ.

ಆದರೆ ಧಾತು ದಾರಿ ತೋರಿಸುತ್ತದೆಯೇ ಹೊರತು ಮನೆ ಬಾಗಿಲಿನವರೆಗೆ ಕರೆದೊಯ್ಯುವುದಿಲ್ಲ. ಆಹಾರ, ವಿಹಾರ, ಸಂಹಾರ, ಪರಿಹಾರ ಒಂದೇ ಧಾತುವಿನ ಮಕ್ಕಳು. ಧಾತು ಗೊತ್ತಿದ್ದ ಮಾತ್ರಕ್ಕೆ ಅರ್ಥ ತಿಳಿಯುತ್ತದೆಯೇ? ಏರ್‌ಪೋರ್ಟಿನ ‘ಪೋರ್ಟ್’ ಹೊರುವ ಪೋರ್ಟ್ ಅಲ್ಲ, ಬಂದರು ಎಂಬ ಅರ್ಥದ್ದು. ಮ್ಯಾಂಗೋದಲ್ಲಿ ‘ಮ್ಯಾನ್’ ಕಂಡು ಕೈ ಹುಡುಕಿದರೆ ಸಿಗುವುದಿಲ್ಲ. ಅದು ನಮ್ಮ ನೆರೆಯ ತಮಿಳು, ಮಲಯಾಳಂ ನಾಡಿನಿಂದ ಪೋರ್ಚುಗೀಸರ ಜೊತೆ ಹಡಗು ಹತ್ತಿದ ಮಾವು. ಮಗುವಿನ ಊಹೆ ಹೀಗೆ ತಪ್ಪಿದಾಗ ಬೈಯಬೇಡಿ. ಊಹಿಸುವ ಧೈರ್ಯವೇ ಇಲ್ಲಿ ಬಂಡವಾಳ.

ಇನ್ನು ಡಿಕ್ಟೇಷನ್. ಇಲ್ಲೀಗಲ್‌ನಲ್ಲಿ ‘ಎಲ್’ ಒಂದೋ ಎರಡೋ, ಇಮ್ಮಾರ್ಟಲ್‌ನಲ್ಲಿ ‘ಎಂ’ ಎಷ್ಟು ಎಂದು ಮಕ್ಕಳು ಪೆನ್ಸಿಲ್ ಕಚ್ಚುತ್ತಾ ಕೂರುತ್ತಾರೆ. ಅದು ಸಂಧಿ ಎಂದು ಯಾರೂ ಹೇಳಿರುವುದಿಲ್ಲ. ‘ಅಲ್ಲದ’ ಎಂಬ ಅರ್ಥದ ‘ಇನ್’ ಲೀಗಲ್ ಜೊತೆ ಸೇರಿದಾಗ ‘ನ್’ ಹೋಗಿ ‘ಲ್’ ಆಯಿತು. ಲೀಗಲ್‌ನದೊಂದು ಇದ್ದೇ ಇದೆ, ಒಟ್ಟು ಎರಡು. ಸತ್ ಮತ್ತು ಜನ ಸೇರಿ ಸಜ್ಜನ ಆದದ್ದೂ ಹೀಗೆಯೇ. ಬೇಕಾದರೆ ಮಗುವನ್ನು ಕನ್ನಡಿಯ ಮುಂದೆ ನಿಲ್ಲಿಸಿ ‘ಸಂತೋಷ’, ‘ಸಂಪತ್ತು’ ಎಂದು ಹೇಳಿಸಿ. ಬರೆಯುವುದು ಅದೇ ಸೊನ್ನೆ. ‘ಪ’ ಬರುವ ಮುನ್ನ ಮಾತ್ರ ತುಟಿ ತಾನಾಗಿ ಮುಚ್ಚುತ್ತದೆ. ಆಮೇಲೆ ‘ಇನ್‌ಡೈರೆಕ್ಟ್’, ‘ಇಂಪಾಸಿಬಲ್’ ಹೇಳಿಸಿ. ಎರಡನೆಯದರಲ್ಲಿ ‘ಎನ್’ ಹೋಗಿ ‘ಎಂ’ ಏಕೆ ಬಂತೆಂದು ಮಗುವಿಗೆ ಅದರ ತುಟಿಯೇ ಹೇಳುತ್ತದೆ.