ಚಾಕೊಲೇಟ್ ಹೇಜಲ್‌ನಟ್ ಸ್ಪ್ರೆಡ್: ಬಾಟಲಿಯದೋ, ಮನೆಯದೋ?

ಪ್ರಶ್ನೆ (ಬೀದರ್ ನಗರ): ಮಕ್ಕಳ ಚಪಾತಿಗೆ ಹಚ್ಚುವ ಚಾಕೊಲೇಟ್ ಹೇಜಲ್‌ನಟ್ ಸ್ಪ್ರೆಡ್ಡನ್ನು ಮನೆಯಲ್ಲೇ ಮಾಡಬಹುದೇ? ಅದು ಅಂಗಡಿಯದಕ್ಕಿಂತ ಒಳ್ಳೆಯದೇ?

ಉತ್ತರ: ಮಾಡಬಹುದು. ಒಳ್ಳೆಯದೋ ಅಲ್ಲವೋ ಎಂಬುದನ್ನು ನಿರ್ಧರಿಸುವುದು ಅದಕ್ಕೆ ಬೀಳುವ ಸಕ್ಕರೆ. ಈ ತಿನಿಸಿನ ಪೈಕಿ ಹೆಸರುವಾಸಿಯಾದ ನುಟೆಲ್ಲಾದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಕ್ಕರೆಯೇ. ಹೇಜಲ್‌ನಟ್ ಶೇ 13 ಮಾತ್ರ, ಉಳಿದುದರಲ್ಲಿ ಹೆಚ್ಚಿನದು ತಾಳೆ ಎಣ್ಣೆ. 15 ಗ್ರಾಂ ತೂಗುವ ಒಂದು ದೊಡ್ಡ ಚಮಚದಲ್ಲಿ 8 ಗ್ರಾಂಗೂ ಮೀರಿ ಸಕ್ಕರೆ, ಸುಮಾರು 80 ಕ್ಯಾಲೊರಿ ಇರುತ್ತದೆ. ಹೊರಗಿನಿಂದ ಸೇರಿಸಿದ ಸಕ್ಕರೆ ದಿನದ ಕ್ಯಾಲೊರಿಯಲ್ಲಿ ಶೇ 10ನ್ನು ಮೀರಬಾರದು, ಶೇ 5ರ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ದಿನಕ್ಕೆ 1,400 ಕ್ಯಾಲೊರಿ ಉಣ್ಣುವ ಮಗುವಿಗೆ ಆ ಶೇ 5 ಎಂದರೆ 17–18 ಗ್ರಾಂ. ಎರಡು ಚಮಚ ಸ್ಪ್ರೆಡ್ಡಿಗೇ ಆ ಲೆಕ್ಕ ಮುಗಿಯುತ್ತದೆ. ಚಹಾ, ಬಿಸ್ಕತ್ತು ಇನ್ನೂ ಬಾಕಿ.

ಹೇಜಲ್‌ನಟ್ ಈ ಸೀಮೆಯ ಬೆಳೆಯಲ್ಲ. ಜಗತ್ತಿನ ಬೆಳೆಯ ದೊಡ್ಡ ಪಾಲು ಟರ್ಕಿಯ ಕಪ್ಪು ಸಮುದ್ರದ ದಂಡೆಯದು. ಇಲ್ಲಿಗೆ ಬರುವಾಗ ದುಬಾರಿ, ಕೆಲವೊಮ್ಮೆ ಕಮಟು. ಅದಕ್ಕಾಗಿ ಪರದಾಡಬೇಕಿಲ್ಲ. ಈ ಸ್ಪ್ರೆಡ್ಡು ಹುಟ್ಟಿದ್ದೇ ಇದ್ದುದರಲ್ಲಿ ಹೊಂದಿಸಿಕೊಳ್ಳುವ ಜಾಣ್ಮೆಯಿಂದ. ಎರಡನೇ ಮಹಾಯುದ್ಧದ ನಂತರ ಇಟಲಿಯಲ್ಲಿ ಕೋಕೋ ಸಿಗದಾದಾಗ, ಆಲ್ಬಾ ಊರಿನ ಮಿಠಾಯಿ ತಯಾರಕ ಫೆರೆರೋ ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುತ್ತಿದ್ದ ಹೇಜಲ್‌ನಟ್ ಬೆರೆಸಿ 1946ರಲ್ಲಿ ಅಚ್ಚು ಮಾಡಿದರು. ಅದು ಬದಲಾಗುತ್ತ 1964ರಲ್ಲಿ ನುಟೆಲ್ಲಾ ಆಯಿತು. ಬೀದರಿನಲ್ಲಿ ಆ ಜಾಗಕ್ಕೆ ಸಲ್ಲುವುದು ಶೇಂಗಾ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದ್ದರೆ ಹೇಜಲ್‌ನಟ್‌ನಲ್ಲಿ 15 ಗ್ರಾಂ. ರುಚಿ ಒಂದೇ ಅಲ್ಲ ಎಂಬುದು ನಿಜ. ಆದರೆ ಚೆನ್ನಾಗಿ ಹುರಿದ ಶೇಂಗಾಕ್ಕೆ ಕೋಕೋ ಒಗ್ಗುತ್ತದೆ.

ಅಳತೆ ಹೀಗೆ: ಶೇಂಗಾ 200 ಗ್ರಾಂ, ಸಿಹಿ ಇಲ್ಲದ ಕೋಕೋ ಪುಡಿ 20 ಗ್ರಾಂ, ಪುಡಿ ಸಕ್ಕರೆ 60 ಗ್ರಾಂ, ಕುಸುಬಿ ಅಥವಾ ಶೇಂಗಾ ಎಣ್ಣೆ 20 ಗ್ರಾಂ, ಚಿಟಿಕೆ ಉಪ್ಪು. ಶೇಂಗಾವನ್ನು ಸಣ್ಣ ಉರಿಯಲ್ಲಿ ಹದವಾಗಿ ಹುರಿದು, ಆರಿದ ಮೇಲೆ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆಯಬೇಕು. ಶೇಂಗಾ ಹಿಂಡಿ ಮಾಡುವಾಗ ಪುಡಿ ಎಣ್ಣೆ ಬಿಡುವ ಮೊದಲೇ ಮಿಕ್ಸರ್ ನಿಲ್ಲಿಸುವುದು ರೂಢಿ. ಇಲ್ಲಿ ಅದನ್ನು ದಾಟಿ ಹೋಗಬೇಕು. ಮಿಕ್ಸರ್ ಬಿಸಿಯಾಗದಂತೆ ನಡುನಡುವೆ ನಿಲ್ಲಿಸಿ, ಅಂಚಿಗೆ ಮೆತ್ತಿದ್ದನ್ನು ಕೆರೆದು ಮತ್ತೆ ತಿರುಗಿಸಿದರೆ ಪುಡಿ ಮುದ್ದೆಯಾಗಿ, ಮುದ್ದೆ ಸಡಿಲವಾಗಿ ಹರಿಯುತ್ತದೆ. ಉಳಿದದ್ದನ್ನು ಆಗ ಸೇರಿಸಬೇಕು. ನೀರು, ಹಾಲು ಒಂದು ಹನಿಯೂ ಬೇಡ: ಅದರಿಂದ ಸ್ಪ್ರೆಡ್ಡು ಗಟ್ಟಿಯಾಗಿ ಒಡೆಯುತ್ತದೆ, ಬೇಗ ಬೂಸ್ಟೂ ಹಿಡಿಯುತ್ತದೆ.

ಈ ಅಳತೆಯಲ್ಲಿ ಒಂದು ಚಮಚಕ್ಕೆ ಬರುವ ಸಕ್ಕರೆ 3 ಗ್ರಾಂ. ಕ್ಯಾಲೊರಿ ಮಾತ್ರ ಇಳಿಯುವುದಿಲ್ಲ, ಅದೇ 80ರ ಆಸುಪಾಸು. ಶೇಂಗಾದ ಅರ್ಧದಷ್ಟು ಕೊಬ್ಬೇ ಅಲ್ಲವೇ? ಮನೆಯದು ಎಂಬ ಧೈರ್ಯದಲ್ಲಿ ಬಟ್ಟಲುಗಟ್ಟಲೆ ಕೊಡುವುದು ಸಲ್ಲದು. ದಿನಕ್ಕೊಂದು ಚಮಚ ಸಾಕು. ಮೇಲೆ ಎಣ್ಣೆ ತೇಲಿದರೆ ಕೆಟ್ಟಿದೆ ಎಂದಲ್ಲ, ಕಲಸಿಕೊಂಡರಾಯಿತು. ಬೀದರಿನ ಬೇಸಿಗೆಯಲ್ಲಿ ಫ್ರಿಜ್‌ನಲ್ಲೇ ಇಡಬೇಕು.

ಪ್ರಶ್ನೆ (ಭಾಲ್ಕಿ): ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದವರಿಗಾಗಿ ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಆಗುವುದೇ?

ಉತ್ತರ: ಆಗುವುದಿಲ್ಲ. ಕಬ್ಬು ಬೆಳೆಯುವ ಸೀಮೆಯಲ್ಲಿ ಬೆಲ್ಲದ ಮೇಲೆ ಅಭಿಮಾನ ಸಹಜ, ಅದರ ರುಚಿಯೂ ಬೇರೆಯೇ. ಆದರೆ ಬೆಲ್ಲದ ಬಹುಪಾಲು ಸಕ್ಕರೆಯಲ್ಲಿರುವ ಸುಕ್ರೋಸ್ ಆಗಿಯೇ ಇದೆ. ರಕ್ತದಲ್ಲಿ ಗ್ಲುಕೋಸ್ ಏರಿಸುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬೆಲ್ಲದಲ್ಲಿರುವ ಅಲ್ಪ ಕಬ್ಬಿಣಾಂಶಕ್ಕಾಗಿ ಆ ಅಪಾಯ ತಂದುಕೊಳ್ಳುವುದು ಬೇಡ. ಜೇನು, ಖರ್ಜೂರದ ಪಾಕಕ್ಕೂ ಇದೇ ಮಾತು. ಸಕ್ಕರೆ ಕಾಯಿಲೆಯವರು ಸಿಹಿ ಬಿಟ್ಟು ಶೇಂಗಾ, ಕೋಕೋ, ಉಪ್ಪು ಇಷ್ಟನ್ನೇ ರುಬ್ಬಿ, ಒಂದು ಚಮಚವನ್ನು ಜೋಳದ ರೊಟ್ಟಿಗೆ ಹಚ್ಚಿಕೊಳ್ಳಬಹುದು. ಕಹಿ ಎನಿಸುತ್ತದೆ, ಕೆಲವು ದಿನಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಪ್ರಶ್ನೆ (ಔರಾದ್): ಚೀಲದಲ್ಲಿಟ್ಟ ಹಳೆಯ ಶೇಂಗಾ ಇದಕ್ಕೆ ಬಳಸಬಹುದೇ? ಹುರಿದರೆ ಬೂಸ್ಟು ಹೋಗುವುದಿಲ್ಲವೇ?

ಉತ್ತರ: ಈ ಪ್ರಶ್ನೆ ಮೊದಲಿನ ಎರಡಕ್ಕಿಂತ ಮುಖ್ಯವಾದದ್ದು. ತೇವ ತಗುಲಿದ ಶೇಂಗಾದಲ್ಲಿ ಬೆಳೆಯುವ ಆಸ್ಪರ್ಜಿಲಸ್ ಎಂಬ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಪಿತ್ತಜನಕಾಂಗಕ್ಕೆ ಹಾನಿ ಮಾಡುತ್ತದೆ. ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಕ್ಯಾನ್ಸರಿಗೂ ಕಾರಣವಾಗುತ್ತದೆ. ಹುರಿದಾಗ ಬೂಸ್ಟು ಸಾಯುತ್ತದೆ, ವಿಷ ಪೂರ್ತಿ ಹೋಗುವುದಿಲ್ಲ. ಈ ವಿಷ ಎಲ್ಲ ಕಾಳಿಗೂ ಸಮನಾಗಿ ಹರಡಿರದೆ ಕೆಲವೇ ಕಾಳುಗಳಲ್ಲಿ ತುಂಬಿಕೊಂಡಿರುತ್ತದೆ. ಹಾಗಾಗಿ ಬೆಳಕಿನಲ್ಲಿ ಕೂತು ಕೈಯಿಂದ ಆರಿಸುವುದು ನಿಜಕ್ಕೂ ಕೆಲಸ ಮಾಡುವ ಉಪಾಯ. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಹಸಿರು ಅಥವಾ ಕಪ್ಪು ಹಿಡಿದ ಕಾಳನ್ನು ಎಸೆಯಬೇಕು. ಹುರಿದ ಮೇಲೆ ಕಹಿ ಹತ್ತಿದ್ದನ್ನು ಉಗುಳಬೇಕು. ಇಡೀ ಚೀಲವೇ ಮುಗ್ಗಲು ವಾಸನೆ ಹೊಡೆಯುತ್ತಿದ್ದರೆ ಅದು ಸ್ಪ್ರೆಡ್ಡಿಗೂ ಬೇಡ, ಹಿಂಡಿಗೂ ಬೇಡ, ದನಗಳಿಗೂ ಬೇಡ: ಹಸು ತಿಂದ ವಿಷ ಹಾಲಿಗೆ ಇಳಿಯುತ್ತದೆ. ರುಬ್ಬಿ ಕೋಕೋ ಸೇರಿಸಿದ ಮೇಲೆ ಕೆಟ್ಟ ಕಾಳು ಕಣ್ಣಿಗೂ ಕಾಣದು, ನಾಲಿಗೆಗೂ ಸಿಕ್ಕದು. ಆದ್ದರಿಂದ ಆರಿಸುವ ಕೆಲಸ ರುಬ್ಬುವ ಮೊದಲೇ ಆಗಬೇಕು.

ಪ್ರಶ್ನೆ (ಬೀದರ್ ನಗರ): ಎಷ್ಟು ವಯಸ್ಸಿನ ಮಗುವಿನಿಂದ ಕೊಡಬಹುದು?

ಉತ್ತರ: ಎರಡು ವರ್ಷ ತುಂಬುವವರೆಗೆ ಸಕ್ಕರೆ ಹಾಕಿದ ಯಾವುದೂ ಬೇಡ. ಒಂದು ವರ್ಷದೊಳಗೆ ಜೇನೂ ಕೂಡದು. ಆಮೇಲೂ ತೆಳ್ಳಗೆ ಹಚ್ಚಿ ಕೊಡಬೇಕು. ಅಂಟಾದ ಮುದ್ದೆಯನ್ನು ಚಮಚದಲ್ಲಿ ಬಾಯಿಗಿಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಶೇಂಗಾ ತಿಂದ ನಿಮಿಷಗಳಲ್ಲೇ ಮೈಮೇಲೆ ದದ್ದು ಎದ್ದು, ತುಟಿ ಊದಿ, ವಾಂತಿಯಾದರೆ ಅದು ಅಲರ್ಜಿ. ಉಸಿರು ಕಟ್ಟಿದರೆ ಮನೆಮದ್ದಿಗೆ ಸಮಯವಿಲ್ಲ: 108ಕ್ಕೆ ಕರೆ ಮಾಡಿ, ಭಾಲ್ಕಿ, ಔರಾದ್‌ಗಳಲ್ಲಾದರೆ ತಾಲ್ಲೂಕು ಆಸ್ಪತ್ರೆಗೆ, ಬೀದರಿನಲ್ಲಾದರೆ ಬ್ರಿಮ್ಸ್ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಬೇಕು. ಆಗ ಜೀವ ಉಳಿಸುವ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು.