ಕ್ಷಯ ರಕ್ತದಾಗ ಬರತೈತೇನು?



"ಆ ಮನಿಗೆ ಹೆಣ್ಣು ಕೊಡಬ್ಯಾಡ್ರಿ, ಅವರ ಮನಿತನದಾಗ ಕ್ಷಯ ಐತಿ" ಎಂಬ ಮಾತನ್ನು ನೀವೂ ಕೇಳಿರಬಹುದು. ಅನುವಂಶೀಯತೆಯ ಪಾಠ ಓದಿದ ಮೇಲೆ ಇದು ಖರೇನೋ ಸುಳ್ಳೋ ತಿಳಿಯಬೇಕೆಂದು ನನಗೆ ಅನ್ನಿಸಿತು.

ಕ್ಷಯ ಬರುವುದು ಬ್ಯಾಕ್ಟೀರಿಯಾದಿಂದ. ಜರ್ಮನಿಯ ರಾಬರ್ಟ್ ಕಾಕ್ ಅವರು 1882ರಲ್ಲಿ ಇದನ್ನು ತೋರಿಸಿಕೊಟ್ಟರು. ರೋಗಿ ಕೆಮ್ಮಿದಾಗ ಅದು ಗಾಳಿಯಲ್ಲಿ ಹಾರಿ ಇನ್ನೊಬ್ಬರ ಶ್ವಾಸಕೋಶ ಸೇರುತ್ತದೆ. ಅಂದಮೇಲೆ ರಕ್ತದಲ್ಲಿ ಬರುವ ರೋಗ ಇದಲ್ಲ. ಆದರ ಮಜಾ ನೋಡ್ರಿ, ರೋಗಾಣು ಹೊಕ್ಕ 100 ಮಂದಿಯಲ್ಲಿ 5ರಿಂದ 10 ಮಂದಿಗಷ್ಟೇ ಮುಂದೆ ರೋಗ ಬರುತ್ತದೆ. ಉಳಿದವರ ದೇಹ ಅದನ್ನು ಒಳಗೇ ಕಟ್ಟಿಹಾಕುತ್ತದೆ.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದರು. ಕಫದಲ್ಲಿ ರೋಗಾಣು ಕಂಡವರಲ್ಲಿ 5 ವರ್ಷದೊಳಗೆ ಸುಮಾರು ಅರ್ಧ ಮಂದಿ ತೀರಿಕೊಂಡರು. ಸುಮಾರು ಮೂರರಲ್ಲಿ ಒಬ್ಬರ ಕಫ ತಾನಾಗಿಯೇ ಸ್ವಚ್ಛವಾಗಿತ್ತು! ಉಳಿದವರ ಕಫದಲ್ಲಿ ರೋಗಾಣು ಹಾಗೇ ಇತ್ತು. ರೋಗ ಒಂದ, ಮಂದಿ ಬ್ಯಾರೆ ಬ್ಯಾರೆ.

ಇದಕ್ಕೆ ಒಂದು ಕಾರಣ ವಂಶವಾಹಿಗಳು. ಬ್ಯಾಡಗಿ ಮೆಣಸಿನಕಾಯಿ ಹೊಲಕ್ಕೆ ಎಲಿ ಮುದುಡೂ ರೋಗ ಬಿದ್ದಾಗ ಅಲ್ಲೊಂದು ಇಲ್ಲೊಂದು ಗಿಡ ಹಸಿರಾಗಿ ನಿಂತಿರುತ್ತದಲ್ಲ, ಮನುಷ್ಯರಲ್ಲೂ ಅಂಥ ಭೇದ ಉಂಟು. ಅಮೆರಿಕದಲ್ಲಿ 1943ರಲ್ಲಿ ಅವಳಿ-ಜವಳಿಗಳನ್ನು ಪರೀಕ್ಷಿಸಿದ್ದರು. ಒಬ್ಬರಿಗೆ ಕ್ಷಯ ಇದ್ದರೆ ಇನ್ನೊಬ್ಬರಿಗೂ ಇರುವುದು ಸಾಮಾನ್ಯ ಅವಳಿಗಳಿಗಿಂತ ತದ್ರೂಪಿ ಅವಳಿಗಳಲ್ಲಿ ಬಹಳ ಹೆಚ್ಚು ಕಂಡಿತು. ತದ್ರೂಪಿಗಳ ವಂಶವಾಹಿಗಳು ಒಂದೇ ಆಗಿರುತ್ತವೆ. ಇನ್ನು 1996ರಲ್ಲಿ, ಒಂದೇ ಒಂದು ವಂಶವಾಹಿ ಕೆಟ್ಟ ಕೆಲವು ಮಕ್ಕಳಿಗೆ ಕ್ಷಯದ ಬಡ ನೆಂಟರಂಥ ರೋಗಾಣುಗಳೂ ಜೀವಕ್ಕೆ ಮುಳುವಾಗುತ್ತವೆಂದು ಗೊತ್ತಾಯಿತು. ಆದರೆ ಅಂಥವರು ತೀರ ವಿರಳ. ಉಳಿದ ನಮ್ಮಲ್ಲಿ ಹತ್ತಾರು ವಂಶವಾಹಿಗಳು ಸ್ವಲ್ಪ ಸ್ವಲ್ಪ ಹೆಚ್ಚುಕಡಿಮೆ ಮಾಡುತ್ತವೆ, ಅಷ್ಟೇ.

ಹಾಗಾದ್ರ ಒಂದೇ ಮನ್ಯಾಗ ಮೂರು ಮಂದಿಗೆ ಯಾಕ ಬರತೈತಿ? ಮಲಗೂದು ಒಂದೇ ಕ್ವಾಣ್ಯಾಗ, ಗಾಳಿ ಒಂದು, ಬಡತನ ಒಂದು. ಸೊಸೆ ಬ್ಯಾರೆ ಮನಿತನದಾಕಿ ಇದ್ರೂ ಆಕೀಗೂ ಹತ್ತತೈತಿ. ಇದನ್ನು ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ! ಜಾರ್ಖಂಡದಲ್ಲಿ ರೋಗಿಯ ಮನೆಮಂದಿಗೂ ಅಕ್ಕಿ-ಬೇಳೆ ಕೊಟ್ಟು ನೋಡಿದಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟವಾಗಿದೆ. ಅವರ ವಂಶವಾಹಿ ಬದಲಾಗಿರಲಿಲ್ಲ, ಊಟ ಬದಲಾಗಿತ್ತು.

ಎರಡು ವಾರ ಮೀರಿದ ಕೆಮ್ಮಿದ್ದರೆ ಸರಕಾರಿ ದವಾಖಾನಿಯಲ್ಲಿ ಕಫ ಪರೀಕ್ಷೆ ಪುಕ್ಕಟೆ, ಗುಳಿಗೆಯೂ ಪುಕ್ಕಟೆ. ಸಾಧಾರಣ ಕ್ಷಯಕ್ಕೆ ಆರು ತಿಂಗಳು, ನಡುವೆ ಬಿಡದೆ ನುಂಗಬೇಕು.